ಕೊಡುವ ಕೈ ಯಾರ ಲೆಕ್ಕದಲ್ಲಿ?

(ಉಡುಪಿಯ ಅಜ್ಜರಕಾಡಿನಲ್ಲಿ ಒಂದು ಶನಿವಾರ ಸಂಜೆ ಮಾತಾಡಿದ್ದನ್ನು ಆಮೇಲೆ ಕೂತು ಬರೆದದ್ದು. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ದಾರಿ ತಪ್ಪಿ ಆಚೀಚೆ ಹೋದದ್ದನ್ನು ಕೆಲವು ಕಡೆ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಭ್ರಷ್ಟಾಚಾರ ಮತ್ತು ದೇಶ ದೇಶಗಳ ನಡುವಿನ ಸಂಬಂಧ. ಮೊದಲು ಒಂದು ಪ್ರಶ್ನೆ. ಕುವೈತಿನಲ್ಲಿ ದುಡಿದು ಬಂದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಆರು, ಏಳು. ದುಬೈ, ಅಬುಧಾಬಿ, ಮಸ್ಕತ್? ಓ, ಅರ್ಧ ಸಭೆಯೇ ಎತ್ತಿತು. ಉಡುಪಿಯಲ್ಲಿ ಈ ಪ್ರಶ್ನೆ ಕೇಳಿದರೆ ಹೀಗೇ ಆಗುತ್ತದೆ ಅಂತ ಗೊತ್ತಿತ್ತು. ಕುವೈತ್, ಯುಎಇ, ಒಮಾನ್, ಈ ಮೂರು ದೇಶಗಳ ಹೆಸರು ಇನ್ನು ಎರಡು ನಿಮಿಷದಲ್ಲಿ ಬೇಕಾಗುತ್ತದೆ.

ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆ ಇದೆ. ಎಲ್ಲ ದೇಶಗಳ ರಾಯಭಾರ ಸಿಬ್ಬಂದಿ ಅಲ್ಲಿದ್ದಾರೆ. ಅವರಿಗೆ ಕಾರು ಇದೆ, ಕಾರಿಗೆ ವಿಶೇಷ ನಂಬರ್ ಪ್ಲೇಟ್ ಇದೆ. 1961ರ ವಿಯೆನ್ನಾ ಒಪ್ಪಂದ ರಾಯಭಾರಿಗಳಿಗೆ ಕೊಟ್ಟ ರಕ್ಷಣೆಯಂತೆಯೇ ಇವರಿಗೂ ರಕ್ಷಣೆ ಇದೆ. ಊರಿನ ಪೊಲೀಸರು ಹಿಡಿಯುವ ಹಾಗಿಲ್ಲ, ಕೋರ್ಟಿಗೆ ಎಳೆಯುವ ಹಾಗಿಲ್ಲ. ನೀವಿರುವ ದೇಶದ ಕಾನೂನಿಗೆ ಮರ್ಯಾದೆ ಕೊಡಿ ಅಂತ ಅದೇ ಒಪ್ಪಂದದಲ್ಲಿ ಇನ್ನೊಂದು ಸಾಲು ಉಂಟು. ಕೊಡದಿದ್ದರೆ? ಊರಿಗೆ ವಾಪಸ್ ಕಳಿಸಬಹುದು. ನೋ ಪಾರ್ಕಿಂಗ್ ಜಾಗದಲ್ಲಿ ಕಾರು ನಿಲ್ಲಿಸಿದ್ದಕ್ಕೆ ಯಾರಾದರೂ ರಾಯಭಾರಿಯನ್ನು ಓಡಿಸುತ್ತಾರಾ? ಇಲ್ಲ. ಹಾಗಾಗಿ ದಂಡದ ಚೀಟಿ ವೈಪರ್ ಕೆಳಗೆ ಸಿಕ್ಕಿಸಿ ಹೋಗುತ್ತಿದ್ದರು. ಕಟ್ಟುವುದು ಬಿಡುವುದು ಅವರವರ ಮನಸ್ಸಿಗೆ ಬಿಟ್ಟದ್ದು.

ರೇಮಂಡ್ ಫಿಸ್ಮನ್, ಎಡ್ವರ್ಡ್ ಮಿಗೆಲ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಈ ಚೀಟಿಗಳನ್ನೇ ಲೆಕ್ಕ ಹಾಕಿದರು. 1997ರ ನವೆಂಬರಿನಿಂದ 2002ರ ನವೆಂಬರಿನವರೆಗೆ, ಐದು ವರ್ಷದಲ್ಲಿ, ಕಟ್ಟದೆ ಬಿಟ್ಟ ಚೀಟಿಗಳು ಸುಮಾರು ಒಂದೂವರೆ ಲಕ್ಷ. ಬಾಕಿ 1.8 ಕೋಟಿ ಡಾಲರಿಗೂ ಜಾಸ್ತಿ. ಭ್ರಷ್ಟಾಚಾರ ಜಾಸ್ತಿ ಇರುವ ದೇಶದವರು ಜಾಸ್ತಿ ಚೀಟಿ ಬಾಕಿ ಇಟ್ಟಿದ್ದರು, ಕಡಿಮೆ ಇರುವ ದೇಶದವರು ಕಡಿಮೆ. ಊರಲ್ಲಿ ಕಲಿತ ಬುದ್ಧಿ ಸೂಟ್‌ಕೇಸಿನಲ್ಲಿ ವಿಮಾನ ಹತ್ತಿತ್ತು ಅಂತ ಅವರ ಒಟ್ಟು ಅಭಿಪ್ರಾಯ.

ಮೊದಲ ಸ್ಥಾನ ಯಾರಿಗೆ ಗೊತ್ತಾ? ಕುವೈತಿಗೆ. ಒಬ್ಬೊಬ್ಬ ಅಧಿಕಾರಿಗೆ ವರ್ಷಕ್ಕೆ ಹೆಚ್ಚುಕಡಿಮೆ 250 ಚೀಟಿ. ಭಾನುವಾರ ರಜೆ ತೆಗೆದರೆ ದಿನಕ್ಕೊಂದರ ಹತ್ತಿರ ಬಂತು. ನಗಬೇಡಿ, ಕೈ ಎತ್ತಿದವರ ತಪ್ಪಲ್ಲ ಅದು. ಪಟ್ಟಿಯ ತಳದಲ್ಲಿ ಒಂದೂ ಬಾಕಿ ಇಲ್ಲದ ದೇಶಗಳು: ಸ್ವೀಡನ್, ನಾರ್ವೆ, ಜಪಾನ್, ಬ್ರಿಟನ್. ಜೊತೆಗೆ ಯುಎಇ ಮತ್ತು ಒಮಾನ್. ಸಂಸ್ಕೃತಿ, ಸಂಸ್ಕಾರ ಅಂತ ಭಾಷಣ ಮಾಡುವವರಿಗೆ ಇಲ್ಲಿ ಸ್ವಲ್ಪ ಕಷ್ಟ ಆಗುತ್ತದೆ. ಒಂದೇ ಕೊಲ್ಲಿ, ಒಂದೇ ಭಾಷೆ, ಒಂದೇ ಎಣ್ಣೆ. ಒಂದು ದೇಶ ಪಟ್ಟಿಯ ತುದಿಯಲ್ಲಿ, ಪಕ್ಕದ ದೇಶ ಸೊನ್ನೆಯಲ್ಲಿ.

ಇನ್ನೊಂದು ಸಂಗತಿ ನನಗೆ ಜಾಸ್ತಿ ಇಷ್ಟ. 2002ರ ಕೊನೆಯಲ್ಲಿ ನ್ಯೂಯಾರ್ಕ್ ನಗರದವರು ಬಾಕಿ ಇಟ್ಟವರ ವಿಶೇಷ ಪ್ಲೇಟ್ ಕಿತ್ತುಕೊಳ್ಳಲು ಶುರು ಮಾಡಿದರು. ಬಾಕಿ ಇರುವಷ್ಟಕ್ಕೆ ಇನ್ನೂ ಶೇಕಡಾ 10 ಸೇರಿಸಿ ಆ ದೇಶಕ್ಕೆ ಕೊಡುವ ನೆರವಿನಲ್ಲಿ ಕಡಿತ ಮಾಡಬಹುದು ಅಂತ ಅಮೆರಿಕ ಕಾನೂನನ್ನೂ ಮಾಡಿತು. ಚೀಟಿಗಳ ಸಂಖ್ಯೆ ಶೇಕಡಾ 98ರಷ್ಟು ಇಳಿಯಿತು. ಅದೇ ಅಧಿಕಾರಿಗಳು, ಅದೇ ಸಂಸ್ಕಾರ. ಪ್ಲೇಟ್ ಹೋಗುತ್ತದೆ ಅಂದ ಕೂಡಲೇ ಪಾರ್ಕಿಂಗ್ ಜಾಗ ಕಣ್ಣಿಗೆ ಕಾಣತೊಡಗಿತು.

ಇಷ್ಟು ಹೇಳಿ ಮುಗಿಸಿದರೆ ಕೇಳಲು ಸುಖ. ಕೆಟ್ಟ ದೇಶ, ಒಳ್ಳೆಯ ದೇಶ, ನಡುವೆ ದಂಡ. ಆದರೆ ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಇದ್ದವನು, ಅದರಲ್ಲಿ ಅರ್ಧ ಕಾಲ ಫಾರೆಕ್ಸ್, ಅಂದರೆ ವಿದೇಶಿ ವಿನಿಮಯ ವಿಭಾಗದಲ್ಲಿ. ನಮ್ಮ ಊರಿನ ಬ್ಯಾಂಕ್ ಚರಿತ್ರೆ ನಿಮಗೆ ಹೇಳಬೇಕಾಗಿಲ್ಲ. 1906ರಲ್ಲಿ ಒಂದು, 1925ರಲ್ಲಿ ಇನ್ನೊಂದು ಹುಟ್ಟಿದ ಉಡುಪಿ ಇದು. ನಾನು ಸೇರಿದಾಗ ಹಿರಿಯರು ಕಲಿಸಿದ ಮೊದಲ ಪಾಠ ಒಂದೇ. ಒಂದು ಕಡೆ ಡೆಬಿಟ್ ಆದರೆ ಇನ್ನೊಂದು ಕಡೆ ಕ್ರೆಡಿಟ್ ಆಗಲೇಬೇಕು. ಪುಸ್ತಕ ಟ್ಯಾಲಿ ಆಗದೆ ಮನೆಗೆ ಹೋಗುವ ಹಾಗಿಲ್ಲ. ಹತ್ತು ಪೈಸೆ ವ್ಯತ್ಯಾಸ ಹುಡುಕುತ್ತಾ ರಾತ್ರಿ ಒಂಬತ್ತಕ್ಕೆ ಕೊನೆಯ ಬಸ್ಸಿಗೆ ಓಡಿದ್ದು ಎಷ್ಟು ಸಲವೋ.

ಆ ವಿಭಾಗದಲ್ಲಿ ಒಬ್ಬ ರಫ್ತುದಾರರ ಫೈಲು ಬರುತ್ತಿತ್ತು. ಬಿಲ್ಲಿನ ಜೊತೆ ಏಜೆನ್ಸಿ ಕಮಿಷನ್ ಅಂತ ಹೊರದೇಶದ ಒಬ್ಬರ ಹೆಸರಿಗೆ ಪ್ರತಿ ಸಲ ಹಣ ಹೋಗುತ್ತಿತ್ತು. ಕಾಗದ ಎಲ್ಲ ಸರಿ. ಒಂದು ದಿನ ಚಹಾ ಕುಡಿಯುವಾಗ ಕೇಳಿದೆ, "ಈ ಏಜೆಂಟರು ಏನು ಕೆಲಸ ಮಾಡುತ್ತಾರೆ ಸಾರ್?" ಅವರು ನಕ್ಕರು. "ಏನೂ ಮಾಡುವುದಿಲ್ಲ. ಅಲ್ಲಿಯ ಕಸ್ಟಮ್ಸ್ ಅಧಿಕಾರಿಯ ಬಾವ ಅವನು." ಒಳ್ಳೆಯ ಮನುಷ್ಯರು. ಇಲ್ಲಿಯ ಆಫೀಸುಗಳಲ್ಲಿ ಮಾಮೂಲು ಕೇಳುತ್ತಾರೆ ಅಂತ ನಮ್ಮ ಹತ್ತಿರ ಬೈಯುತ್ತಿದ್ದವರೂ ಅವರೇ. ಅಲ್ಲಿ ತಾನು ಕೊಡುತ್ತಿರುವುದು ಅವರಿಗೆ ಲಂಚ ಅಂತ ಕಾಣಲೇ ಇಲ್ಲ. ಅದು ಖರ್ಚು. ಆವತ್ತಿನಿಂದ ನನಗೆ ಒಂದು ಚಾಳಿ. ಯಾವ ದೇಶ ಭ್ರಷ್ಟ ಅಂತ ಪೇಪರಿನಲ್ಲಿ ಬಂದರೂ ಎದುರಿನ ಎಂಟ್ರಿ ಯಾರ ಪುಸ್ತಕದಲ್ಲಿ ಇದೆ ಅಂತ ಹುಡುಕುತ್ತೇನೆ.

ಈಗ ಪಾರ್ಕಿಂಗಿನಲ್ಲಿ ಸೊನ್ನೆ ತೆಗೆದ ಸ್ವೀಡನ್ನನ್ನೇ ನೋಡಿ. 1986ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಅಲ್ಲಿಯ ಬೋಫೋರ್ಸ್ ಕಂಪನಿಯಿಂದ 410 ಫಿರಂಗಿ ಕೊಳ್ಳಲು ಸುಮಾರು 1,437 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. 1987ರ ಏಪ್ರಿಲ್ 16ರಂದು ಸ್ವೀಡನ್ನಿನ ರೇಡಿಯೋ ಲಂಚದ ಸುದ್ದಿ ಒಡೆಯಿತು. 64 ಕೋಟಿ ಲಂಚ ಅಂದರೆ ಏನು ಅಂತ ಆಗ ಹೈಸ್ಕೂಲು ಹುಡುಗರಿಗೂ ಗೊತ್ತಿತ್ತು. ನಮ್ಮಲ್ಲಿ ಚುನಾವಣೆ ಆಯಿತು, ಸರ್ಕಾರ ಬದಲಾಯಿತು. ಯಾರು ತೆಗೆದುಕೊಂಡರು ಅಂತ ಮೂವತ್ತು ವರ್ಷ ಜಗಳ ಆಡಿದೆವು. ಕೋರ್ಟಿನಲ್ಲಿ ಕೊನೆಗೂ ಸಾಬೀತಾಗಲಿಲ್ಲ. ಕೊಟ್ಟವರು ಯಾರು ಅಂತ ಮಾತ್ರ ಯಾರಿಗೂ ಅನುಮಾನ ಇರಲಿಲ್ಲ. ಅವರಿಗೆ ಏನಾಯಿತು? ಸ್ವೀಡನ್ನಿನಲ್ಲಿ ತನಿಖೆ 1988ರಲ್ಲೇ ನಿಂತಿತು. ಅಲ್ಲಿಯ ಪೊಲೀಸ್ ಅಧಿಕಾರಿ ಸ್ಟೆನ್ ಲಿಂಡ್‌ಸ್ಟ್ರಾಮ್ ದಾಖಲೆಗಳನ್ನು ಗುಟ್ಟಾಗಿ ಪತ್ರಕರ್ತರಿಗೆ ಕೊಟ್ಟಿದ್ದರಿಂದ ಇಷ್ಟಾದರೂ ಹೊರಬಂತು. ತಾನೇ ಕೊಟ್ಟದ್ದು ಅಂತ ಅವರು ಹೇಳಿಕೊಂಡದ್ದು 2012ರಲ್ಲಿ.

ಇದರಲ್ಲಿ ನಮ್ಮ ಇವತ್ತಿನ ವಿಷಯಕ್ಕೆ ನೇರ ಸಂಬಂಧ ಇರುವ ಒಂದು ಸಣ್ಣ ಉಪಕತೆ ಉಂಟು. ಜನ ಮರೆತಿದ್ದಾರೆ. ಹಣ ಹೋದ ಖಾತೆಗಳು ಸ್ವಿಟ್ಜರ್ಲೆಂಡಿನಲ್ಲಿ. ದಾಖಲೆ ಕೊಡಿ ಅಂತ ಭಾರತ ಅಧಿಕೃತವಾಗಿ ಕೇಳಿತ್ತು. ಹೀಗಿರುವಾಗ 1992ರ ಮೊದಲ ತಿಂಗಳುಗಳಲ್ಲಿ ದಾವೋಸಿನಲ್ಲಿ ಒಂದು ಸಭೆ. ನಮ್ಮ ವಿದೇಶಾಂಗ ಮಂತ್ರಿ ಮಾಧವಸಿಂಹ ಸೋಲಂಕಿ ಸ್ವಿಸ್ ವಿದೇಶಾಂಗ ಮಂತ್ರಿಯ ಕೈಗೆ ಒಂದು ಚೀಟಿ ಕೊಟ್ಟರು. ಅದಕ್ಕೆ ಸಹಿ ಇಲ್ಲ. ತನಿಖೆ ನಿಧಾನ ಆದರೂ ಅಡ್ಡಿಯಿಲ್ಲ ಎಂಬ ಧಾಟಿ. ಸುದ್ದಿ ಹೊರಬಿತ್ತು. ಒಬ್ಬ ವಕೀಲರು ಕೊಟ್ಟರು, ನಾನು ದಾಟಿಸಿದೆ ಅಂದರು ಸೋಲಂಕಿ. ವಕೀಲರ ಹೆಸರು ಹೇಳಲಿಲ್ಲ. ಮಾರ್ಚ್ ಕೊನೆಗೆ ರಾಜೀನಾಮೆ ಕೊಟ್ಟರು.

ಯೋಚನೆ ಮಾಡಿ. ಒಂದು ದೇಶ ಮುಂಬಾಗಿಲಿನಲ್ಲಿ ನಿಂತು ದಾಖಲೆ ಕೊಡಿ ಅನ್ನುತ್ತಿದೆ. ಅದೇ ದೇಶದ ಮಂತ್ರಿ ಹಿತ್ತಿಲಿಗೆ ಬಂದು ಅವಸರ ಏನಿಲ್ಲ ಅನ್ನುತ್ತಿದ್ದಾರೆ. ಎದುರಿನವರು ಯಾವ ಭಾರತದ ಮಾತು ಕೇಳಬೇಕು? ಭ್ರಷ್ಟಾಚಾರ ವಿದೇಶಾಂಗ ನೀತಿಗೆ ಮಾಡುವ ದೊಡ್ಡ ಹಾನಿ ಇದೇ ಅಂತ ನನ್ನ ಲೆಕ್ಕ. ಹಣ ಹೋಗುವುದು ಆಮೇಲಿನ ಮಾತು, ಮೊದಲು ದೇಶಕ್ಕೆ ಎರಡು ನಾಲಗೆ ಬರುತ್ತದೆ.

ಮುಂದಿನದ್ದು ಜರ್ಮನಿ. 1999ರವರೆಗೆ ಜರ್ಮನ್ ಕಂಪನಿ ಬೇರೆ ದೇಶದ ಅಧಿಕಾರಿಗೆ ಲಂಚ ಕೊಟ್ಟರೆ ಆ ಮೊತ್ತವನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸಬಹುದಿತ್ತು. ಮಾರಾಯ್ರೆ, ಇದಕ್ಕೆ ಅವರ ಭಾಷೆಯಲ್ಲಿ ಬಳಕೆಯಲ್ಲಿದ್ದ ಹೆಸರು ಏನು ಗೊತ್ತಾ? ಕನ್ನಡ ಮಾಡಿದರೆ "ಉಪಯುಕ್ತ ಖರ್ಚು". ನಮ್ಮ ರಫ್ತುದಾರರು ಸುಮ್ನೆ ನಗುತ್ತಾ ಹೇಳಿದ್ದನ್ನು ಅಲ್ಲಿ ಸರ್ಕಾರವೇ ಒಪ್ಪಿಕೊಂಡಿತ್ತು. ಜರ್ಮನಿ ಒಂದೇ ಅಲ್ಲ, ಫ್ರಾನ್ಸಿನಂಥ ದೇಶಗಳಲ್ಲೂ ಇಂಥದ್ದೇ ವ್ಯವಸ್ಥೆ ಇತ್ತು. ಅಮೆರಿಕ ಮಾತ್ರ 1977ರಲ್ಲೇ ಹೊರದೇಶದವರಿಗೆ ಲಂಚ ಕೊಡುವುದನ್ನು ಅಪರಾಧ ಅಂತ ಮಾಡಿತ್ತು. ಅದೂ ಒಳ್ಳೆಯತನಕ್ಕಲ್ಲ. ಲಾಕ್‌ಹೀಡ್ ವಿಮಾನ ಕಂಪನಿ ಮಿತ್ರದೇಶಗಳಲ್ಲೇ ಹಣ ಹಂಚಿ ಸಿಕ್ಕಿಬಿದ್ದಿತ್ತು. 1976ರಲ್ಲಿ ಜಪಾನಿನ ಮಾಜಿ ಪ್ರಧಾನಿ ತನಾಕಾ ಜೈಲಿಗೆ ಹೋಗಬೇಕಾಯಿತು, ನೆದರ್ಲೆಂಡಿನ ರಾಣಿಯ ಗಂಡ ತನ್ನ ಸೇನಾ ಹುದ್ದೆಗಳನ್ನು ಬಿಡಬೇಕಾಯಿತು. ಆದದ್ದು ಶೀತಲ ಸಮರದ ಕಾಲದಲ್ಲಿ. ತನ್ನದೇ ಸ್ನೇಹಿತರ ಸರ್ಕಾರಗಳು ಅಲ್ಲಾಡಿದ್ದು ನೋಡಿ ವಾಷಿಂಗ್ಟನ್ ಹೆದರಿತು. ಶ್ರೀಮಂತ ದೇಶಗಳೆಲ್ಲ ಕೂತು ಅಂಥದೇ ಒಪ್ಪಂದಕ್ಕೆ ಸಹಿ ಹಾಕಲು ಇನ್ನೂ 20 ವರ್ಷ ಹಿಡಿಯಿತು, 1997 ಬಂತು.

ನಮ್ಮನ್ನೇನೂ ಹೊಗಳಿಕೊಳ್ಳುವ ಹಾಗಿಲ್ಲ. ಆ ಒಪ್ಪಂದಕ್ಕೆ ಭಾರತ ಸೇರಿಲ್ಲ. ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಪ್ಪಂದಕ್ಕೆ 2011ರಲ್ಲಿ ಒಪ್ಪಿಗೆ ಕೊಟ್ಟೆವು. ಅದೇ ವರ್ಷ ಹೊರದೇಶದ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ಅಪರಾಧ ಮಾಡುವ ಮಸೂದೆ ಲೋಕಸಭೆಗೆ ಬಂತು. ಪಾಸಾಗಲಿಲ್ಲ, 2014ರಲ್ಲಿ ಲೋಕಸಭೆಯ ಜೊತೆ ಅದರ ಆಯುಸ್ಸೂ ಮುಗಿಯಿತು.

ಈಗ ಅಂಕಪಟ್ಟಿಯ ವಿಷಯ. ಬರ್ಲಿನ್‌ನ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ 1995ರಿಂದ ದೇಶಗಳಿಗೆ ಮಾರ್ಕು ಹಾಕುತ್ತಿದೆ. ವ್ಯಾಪಾರಿಗಳಿಗೆ, ತಜ್ಞರಿಗೆ ಹೇಗೆ ಕಾಣುತ್ತದೆ ಅನ್ನುವುದರ ಮೇಲೆ ಹಾಕಿದ ಮಾರ್ಕು ಅದು, ನೂರಕ್ಕೆ. 2024ರ ಪಟ್ಟಿಯಲ್ಲಿ ಡೆನ್ಮಾರ್ಕಿಗೆ 90, ಯುಎಇಗೆ 68, ಚೀನಾಕ್ಕೆ 43, ನಮಗೆ 38, ರಷ್ಯಾಕ್ಕೆ 22. ಇದನ್ನು ಕೈಯಲ್ಲಿ ಹಿಡಿದು ಯಾವ ದೇಶವೂ ಸಂಬಂಧ ಕುದುರಿಸುವುದಿಲ್ಲ. 22 ಮಾರ್ಕಿನ ದೇಶದಿಂದ ನಾವು ಎಣ್ಣೆ ತರುತ್ತೇವೆ. 38 ಮಾರ್ಕಿನ ನಮ್ಮ ಜೊತೆ 90 ಮಾರ್ಕಿನವರು ನಗುತ್ತಾ ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ತಪ್ಪು ಅಂತಲೂ ನಾನು ಹೇಳುವುದಿಲ್ಲ. ಹೊಟ್ಟೆಪಾಡು ಎಲ್ಲರಿಗೂ ಉಂಟು.

ನನ್ನ ತಕರಾರು ಬೇರೆ. ಈ ಮಾರ್ಕು ಸಿಗುವುದು ತೆಗೆದುಕೊಳ್ಳುವ ಕೈಗೆ. ಕೊಡುವ ಕೈಗೂ ಅದೇ ಸಂಸ್ಥೆ ಒಂದು ಪಟ್ಟಿ ಮಾಡಿತ್ತು, ಲಂಚ ಕೊಡುವವರ ಸೂಚ್ಯಂಕ ಅಂತ. 1999ರಲ್ಲಿ ಶುರುವಾಗಿ ಐದು ಸಲ ಬಂತು. 2011ರದ್ದೇ ಕೊನೆ. ಡೆಬಿಟ್ ಲೆಡ್ಜರನ್ನು ವರ್ಷ ವರ್ಷ ಬರೆದು ಕ್ರೆಡಿಟ್ ಲೆಡ್ಜರನ್ನು ಬೀರುವಿನಲ್ಲಿ ಇಟ್ಟ ಹಾಗಾಯಿತು, ಅಲ್ವಾ? ನಮ್ಮ ಹೆಡ್ಡಾಫೀಸಿನ ಇನ್‌ಸ್ಪೆಕ್ಟರ್ ಬಂದಿದ್ದರೆ ಮೆಮೋ ಗ್ಯಾರಂಟಿ.

ಬ್ರಿಟನ್ ಕತೆ ಹೇಳದಿದ್ದರೆ ಈ ಮಾತು ಪೂರ್ತಿ ಆಗುವುದಿಲ್ಲ. 1985ರಲ್ಲಿ ಬ್ರಿಟನ್ ಮತ್ತು ಸೌದಿ ಅರೇಬಿಯ ಯುದ್ಧ ವಿಮಾನಗಳ ದೊಡ್ಡ ಒಪ್ಪಂದ ಮಾಡಿಕೊಂಡವು. ಹೆಸರು ಅಲ್ ಯಮಾಮಾ. ಮಾರುವ ಕಂಪನಿ ಬಿಎಇ. ಅಲ್ಲಿಯ ಗಂಭೀರ ವಂಚನೆಗಳ ತನಿಖಾ ಕಚೇರಿ 2004ರಲ್ಲಿ ಲಂಚದ ತನಿಖೆ ಶುರು ಮಾಡಿತು. ಎರಡು ವರ್ಷದಲ್ಲಿ ಸ್ವಿಸ್ ಬ್ಯಾಂಕ್ ಖಾತೆಗಳ ಹತ್ತಿರ ಬಂದರು. ಆಗ ರಿಯಾದ್‌ನಿಂದ ಮಾತು ಬಂತು. ತನಿಖೆ ನಿಲ್ಲದಿದ್ದರೆ ಉಗ್ರರ ಬಗ್ಗೆ ಮಾಹಿತಿ ಹಂಚಿಕೊಳ್ಳುವುದನ್ನು ನಿಲ್ಲಿಸುತ್ತೇವೆ, ಹೊಸ ವಿಮಾನವೂ ಬೇಡ. ಹಿಂದಿನ ವರ್ಷ ತಾನೇ ಲಂಡನ್ನಿನ ರೈಲುಗಳಲ್ಲಿ ಬಾಂಬ್ ಸಿಡಿದಿತ್ತು. ಪ್ರಧಾನಿ ಟೋನಿ ಬ್ಲೇರ್ ಅಟಾರ್ನಿ ಜನರಲ್ ಅವರಿಗೆ ಪತ್ರ ಬರೆದರು. 2006ರ ಡಿಸೆಂಬರಿನಲ್ಲಿ ತನಿಖೆ ನಿಂತಿತು. 2008ರ ಏಪ್ರಿಲಿನಲ್ಲಿ ಹೈಕೋರ್ಟು ಇದು ತಪ್ಪು ಅಂದಿತು, ಬೆದರಿಕೆಗೆ ಬಗ್ಗಿದ್ದೀರಿ ಅಂತ ಬೈದಿತು. ಜುಲೈಯಲ್ಲಿ ಆಗ ಅಲ್ಲಿಯ ಕೊನೆಯ ಕೋರ್ಟಾಗಿದ್ದ ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳು ಅದನ್ನು ತಿರುಗಿಸಿ, ಜನರ ಜೀವದ ಪ್ರಶ್ನೆ ಇರುವಾಗ ಹೀಗೆ ನಿರ್ಧರಿಸಲು ಅಧಿಕಾರಿಗೆ ಹಕ್ಕಿದೆ ಅಂದರು.

ಬ್ಲೇರ್ ಮಾಡಿದ್ದು ಸರಿಯೋ ತಪ್ಪೋ ಅಂತ ನಾನು ತುಂಬ ಸಲ ಯೋಚಿಸಿದ್ದೇನೆ. ನನ್ನ ಮಗಳು ಆ ರೈಲಿನಲ್ಲಿ ಓಡಾಡುತ್ತಿದ್ದರೆ ನಾನೂ ಫೈಲು ಮುಚ್ಚಿ ಅನ್ನುತ್ತಿದ್ದೆನೋ ಏನೋ. ಆದರೆ ಪಾರ್ಕಿಂಗ್ ಚೀಟಿ ಒಂದೂ ಬಾಕಿ ಇಡದ ದೇಶ ಇದು ಅನ್ನುವುದನ್ನು ಮರೆಯಬಾರದು. ಸಣ್ಣ ದಂಡ ಕಟ್ಟುವುದು ಸುಲಭ. ಒಂದು ಸ್ನೇಹದ ಬೆಲೆ ಸಾವಿರಾರು ಕೋಟಿ ಪೌಂಡ್ ಆದಾಗ ಕಟ್ಟುವುದು ಕಷ್ಟ. ಅಮೆರಿಕವೇ ನೋಡಿ. 1977ರ ಅದೇ ಕಾನೂನಿನ ಜಾರಿಯನ್ನು 2025ರ ಫೆಬ್ರವರಿಯಲ್ಲಿ ಅಧ್ಯಕ್ಷ ಟ್ರಂಪ್ 180 ದಿನ ತಡೆಹಿಡಿದರು. ನಮ್ಮ ಕಂಪನಿಗಳಿಗೆ ಪೈಪೋಟಿಯಲ್ಲಿ ಏಟು ಬೀಳುತ್ತದೆ ಅಂತ ಕಾರಣ.

ಹಣದಿಂದ ಸ್ನೇಹವನ್ನೇ ಕೊಳ್ಳುವುದೂ ಉಂಟು. ಇದಕ್ಕೆ ನಮ್ಮ ಊರಿನವರಿಗೆ ಉದಾಹರಣೆ ಹೊರಗಿಂದ ಬೇಡ, ತಾಳಮದ್ದಳೆ ಕೇಳಿದವರು ನೀವು. ಶಲ್ಯ ಹೊರಟದ್ದು ಪಾಂಡವರ ಕಡೆಗೆ, ನಕುಲ ಸಹದೇವರ ಸೋದರಮಾವ ಅವನು. ಕೌರವ ದಾರಿ ಉದ್ದಕ್ಕೂ ಚಪ್ಪರ ಹಾಕಿಸಿ, ಊಟ ಉಪಚಾರ ಮಾಡಿಸಿದ. ಮಾಡಿಸಿದ್ದು ಯಾರು ಅಂತ ಶಲ್ಯನಿಗೆ ಗೊತ್ತಿಲ್ಲ. ಖುಷಿಯಾಗಿ ಏನು ಬೇಕೋ ಕೇಳು ಅಂದುಬಿಟ್ಟ. ಊಟದ ಬಿಲ್ಲಿಗೆ ಒಂದು ಸೈನ್ಯವೇ ಪಕ್ಷ ಬದಲಿಸಿತು. ಅದೇ ಕತೆಯಲ್ಲಿ ಸಂಧಾನಕ್ಕೆ ಬಂದ ಕೃಷ್ಣ ಕೌರವನ ಭಕ್ಷ್ಯ ಮುಟ್ಟಲಿಲ್ಲ. ದೂತನಾದವನು ಬಂದ ಕೆಲಸ ಆದ ಮೇಲೆ ಉಣ್ಣುತ್ತಾನೆ ಅಂದ, ವಿದುರನ ಮನೆಗೆ ನಡೆದ. ಈಗಿನವರಿಗೆ ತೋಷಾಖಾನೆ ಉಂಟು. ಹೊರದೇಶದಲ್ಲಿ ಸಿಕ್ಕಿದ ದುಬಾರಿ ಉಡುಗೊರೆಯನ್ನು ಮಂತ್ರಿಗಳು ಅಲ್ಲಿ ಒಪ್ಪಿಸಬೇಕು. ಪಾಕಿಸ್ತಾನದ ಇಮ್ರಾನ್ ಖಾನ್‌ಗೆ 2023ರಲ್ಲಿ ಶಿಕ್ಷೆ ಆದದ್ದು ಆ ತೋಷಾಖಾನೆಯ ಲೆಕ್ಕ ಮುಚ್ಚಿಟ್ಟರು ಅಂತ.

ಶಲ್ಯನ ಕತೆಗೆ ಈ ಕಾಲದ ಹೆಸರು ಬೇಕಾದರೆ ಗ್ವಾಟೆಮಾಲ. ತೈವಾನನ್ನು ದೇಶ ಅಂತ ಒಪ್ಪುವ ಸರ್ಕಾರಗಳು ಈಗ ಬೆರಳೆಣಿಕೆ. ಚೀನಾ ಒಂದು ಕಡೆ ಎಳೆಯುತ್ತದೆ, ತೈವಾನ್ ಇನ್ನೊಂದು ಕಡೆ. ಗ್ವಾಟೆಮಾಲದ ಮಾಜಿ ಅಧ್ಯಕ್ಷ ಅಲ್ಫೋನ್ಸೊ ಪೋರ್ಟಿಯೊ 2014ರಲ್ಲಿ ನ್ಯೂಯಾರ್ಕಿನ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ಮಾನ್ಯತೆ ಮುಂದುವರಿಸಲು ತೈವಾನಿನಿಂದ 25 ಲಕ್ಷ ಡಾಲರ್ ತೆಗೆದುಕೊಂಡೆ ಅಂತ. ಪಪುವಾ ನ್ಯೂಗಿನಿಯ ಮಾನ್ಯತೆ ಪಡೆಯಲು ತೈವಾನ್ ಇಬ್ಬರು ದಲ್ಲಾಳಿಗಳನ್ನು ನಂಬಿ 2006ರಲ್ಲಿ ಸುಮಾರು 3 ಕೋಟಿ ಡಾಲರ್ ಕೊಟ್ಟಿತ್ತು. ಮಾನ್ಯತೆ ಬರಲಿಲ್ಲ. ಹಣವೂ ಬರಲಿಲ್ಲ. 2008ರಲ್ಲಿ ವಿದೇಶಾಂಗ ಮಂತ್ರಿ ಮನೆಗೆ ಹೋದರು. ಕಳ್ಳ ವ್ಯವಹಾರಕ್ಕೆ ರಶೀದಿ ಇರುವುದಿಲ್ಲ ನೋಡಿ.

ಒಬ್ಬನ ಕಿಸೆ ನಂಬಿ ಸಂಬಂಧ ಕಟ್ಟಿದರೆ ಅವನು ಬಿದ್ದ ದಿನ ಎಲ್ಲ ಲೆಕ್ಕ ಬಿಚ್ಚುತ್ತದೆ. ಮಲೇಷ್ಯಾದಲ್ಲಿ 2018ರ ಮೇ ತಿಂಗಳಲ್ಲಿ ಪ್ರಧಾನಿ ನಜೀಬ್ ರಜಾಕ್ ಸೋತರು. ಸರ್ಕಾರಿ ಹೂಡಿಕೆ ನಿಧಿ 1ಎಂಡಿಬಿಯಿಂದ ಕೋಟಿಗಟ್ಟಲೆ ಡಾಲರ್ ಮಾಯವಾದ ಹಗರಣ ಅದು. ಪೊಲೀಸರು ಅವರಿಗೆ ಸಂಬಂಧಿಸಿದ ಫ್ಲಾಟಿನಿಂದ ಚೀಲ ಚೀಲ ನೋಟು ತಂದರು. 26 ಬಗೆಯ ಕರೆನ್ಸಿ. ನಾನು ಫಾರೆಕ್ಸ್‌ನಲ್ಲಿದ್ದಷ್ಟು ಕಾಲ ಅಷ್ಟು ಬಗೆ ಕೈಯಲ್ಲಿ ಹಿಡಿದವನಲ್ಲ. ಹೊಸ ಪ್ರಧಾನಿ ಮಹಾತಿರ್ ಬಂದ ಕೂಡಲೇ ಹಿಂದಿನವರು ಚೀನಾದ ಜೊತೆ ಮಾಡಿದ್ದ ಪೂರ್ವ ಕರಾವಳಿ ರೈಲು ಯೋಜನೆಯನ್ನು ನಿಲ್ಲಿಸಿದರು. ಮರುವರ್ಷ ಮತ್ತೆ ಕೂತು ಮಾತಾಡಿದಾಗ 6,550 ಕೋಟಿ ರಿಂಗಿಟ್ ಇದ್ದದ್ದು 4,400 ಕೋಟಿಗೆ ಇಳಿಯಿತು. ಸ್ವಲ್ಪ ದಾರಿ ಬದಲಾಯಿತು, ನಿಜ. ಆದರೂ ಅಷ್ಟು ಚೌಕಾಸಿಗೆ ಜಾಗ ಇತ್ತು ಅಂದರೆ ಮೊದಲ ದರ ಯಾವ ಲೆಕ್ಕದಲ್ಲಿ ಹಾಕಿದ್ದು ಅಂತ ಕೇಳಬೇಕಾಗುತ್ತದೆ.

ಏಳೂವರೆಗೆ ಪಕ್ಕದಲ್ಲಿ ಯಕ್ಷಗಾನದ ಆಟ ಶುರುವಾಗುತ್ತದೆ, ಚೆಂಡೆ ಕೇಳುತ್ತಿದೆ. ಪ್ರಶ್ನೆಗಳಿದ್ದರೆ ಕೇಳಿ.

(ಮೂರು ಪ್ರಶ್ನೆ ಬಂದವು. ಎರಡು ನಮ್ಮ ರಾಜ್ಯದ ರಾಜಕೀಯದ ಬಗ್ಗೆ, ಅದನ್ನು ಇಲ್ಲಿ ಬರೆಯುತ್ತಿಲ್ಲ. ಮೂರನೆಯದ್ದು ಒಬ್ಬ ಕಾಲೇಜು ಹುಡುಗಿಯದ್ದು: "ಕೊಡುವವರನ್ನು ಹಿಡಿದರೆ ಬೇರೆ ದೇಶದವರು ಕೊಟ್ಟು ಆರ್ಡರ್ ತೆಗೆದುಕೊಳ್ಳುತ್ತಾರಲ್ಲ, ಸಾರ್?" ಬ್ಲೇರ್, ಟ್ರಂಪ್ ಇಬ್ಬರೂ ಕೇಳಿದ್ದು ಇದನ್ನೇ, ನಿನ್ನಷ್ಟು ನೇರವಾಗಿ ಕೇಳಲಿಲ್ಲ ಅಂದೆ. 2008ರಲ್ಲಿ ಸೀಮೆನ್ಸ್ ಕಂಪನಿ ಅಮೆರಿಕ ಮತ್ತು ಜರ್ಮನಿ ಎರಡೂ ಕಡೆ ಸೇರಿ 160 ಕೋಟಿ ಡಾಲರ್ ದಂಡ ಕಟ್ಟಿತು. ಆಮೇಲೂ ಅದು ಪ್ರಪಂಚದ ಎಲ್ಲ ಕಡೆ ಮಾಲು ಮಾರುತ್ತಿದೆ ಅಂತ ಹೇಳಿದೆ. ಅವಳಿಗೆ ಪೂರ್ತಿ ಸಮಾಧಾನ ಆದ ಹಾಗೆ ಕಾಣಲಿಲ್ಲ. ನನಗೂ ಆಗಿಲ್ಲ.

ಹೊರಗೆ ಚಪ್ಪಲಿ ಹಾಕುವಾಗ ಮೊದಲು ಕೈ ಎತ್ತಿದ್ದ ಕುವೈತಿನವರೊಬ್ಬರು ಬಂದರು. ಅಲ್ಲಿ ಇಪ್ಪತ್ತೆರಡು ವರ್ಷ ಡ್ರೈವರ್ ಆಗಿದ್ದವರಂತೆ. "ಅಣ್ಣ, ನೀವು ಹೇಳಿದ್ದು ಅವರ ದೊಡ್ಡವರ ಕತೆ. ನನಗೆ ಒಂದು ಪಾರ್ಕಿಂಗ್ ದಂಡ ಬಿದ್ದಿತ್ತು, ಮರೆತೇ ಹೋಗಿತ್ತು. 2023ರ ಕೊನೆಗೆ ಊರಿಗೆ ಬರುವಾಗ ಏರ್‌ಪೋರ್ಟಿನಲ್ಲಿ ನಿಲ್ಲಿಸಿದರು. ಬಾಕಿ ಕಟ್ಟದೆ ದೇಶ ಬಿಡುವ ಹಾಗಿಲ್ಲ ಅಂತ ಹೊಸ ರೂಲ್ಸ್ ಬಂದಿತ್ತಲ್ಲ. ಕಿಸೆಯಲ್ಲಿದ್ದ ಕೊನೆಯ ದಿನಾರ್ ಅಲ್ಲೇ ಹೋಯಿತು. ಮಂಗಳೂರಿನಲ್ಲಿ ಇಳಿದು ಟ್ಯಾಕ್ಸಿಗೆ ತಮ್ಮ ಕೊಟ್ಟದ್ದು.")